‘ಸ್ವಲ್ಪ ಅಡ್ಜಸ್ಟ್ ಮಾಡಿ’ ನಡೆಯದ ಜಾಗ

ನಾನು ಹಾಸನದವನು. ಪುಣೆಗೆ ಬಂದು ಹನ್ನೆರಡು ವರ್ಷ ಆಯ್ತು. ಹಿಂಜವಡಿಯಲ್ಲಿ ಕೆಲಸ, ವಾಕಡ್‌ನಲ್ಲಿ ಮನೆ. ನಿಮ್ಮಲ್ಲಿ ತುಂಬ ಜನರ ಕಥೆಯೂ ಇದೇ ಅಲ್ವಾ?

ಇವತ್ತು ಪ್ರೈವೇಟ್ ಜೆಟ್ ಬಗ್ಗೆ ಮಾತಾಡ್ತೀನಿ. ಗಾಬರಿ ಬೇಡ, ನಾನೇನೂ ಕೊಂಡಿಲ್ಲ. ಫ್ಲಾಟ್‌ನ ಇಎಂಐಯೇ ಇನ್ನೂ ಮುಗಿದಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಚಾರ್ಟರ್ ಕಂಪನಿಗೆ ಶೆಡ್ಯೂಲಿಂಗ್ ಸಾಫ್ಟ್‌ವೇರ್ ಬರೆಯೋ ಕೆಲಸ ನಮ್ಮ ಟೀಮಿಗೆ ಬಂತು. ಕಂಪನಿ ಹೆಸರು ಬೇಡ.

ಈ ವ್ಯವಹಾರ ನಮ್ಮವರಿಗೆ ಹೊಸದಲ್ಲ. ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1990ರ ದಶಕದಲ್ಲೇ, ಅವರು ಹೆಲಿಕಾಪ್ಟರ್ ಬಾಡಿಗೆ ಕೊಡೋ ಡೆಕ್ಕನ್ ಏವಿಯೇಷನ್ ಕಟ್ಟಿದ್ರು.

ಏರ್‌ಕ್ರಾಫ್ಟ್ ಮ್ಯಾನೇಜ್‌ಮೆಂಟ್ ಅಂದ್ರೆ ಇಷ್ಟೇ. ವಿಮಾನ ಯಾರೋ ಉದ್ಯಮಿಯದು. ಪೈಲಟ್, ರಿಪೇರಿ, ವಿಮೆ, ಹ್ಯಾಂಗರ್, ಕಾಗದಪತ್ರ ನೋಡಿಕೊಳ್ಳೋದು ಕಂಪನಿ. ವಿಮಾನ ನಿಂತರೂ ಖರ್ಚು ನಿಲ್ಲೋದಿಲ್ಲ. ಹಾಗಾಗಿ ಮಾಲೀಕರು ಹಾರದ ದಿನ ಅದನ್ನ ಬಾಡಿಗೆಗೆ ಬಿಡ್ತಾರೆ, ಊರಲ್ಲಿ ಟ್ರ್ಯಾಕ್ಟರ್ ಬಿಟ್ಟ ಹಾಗೆ. ಆದ್ರೆ ಅದಕ್ಕೆ ಡಿಜಿಸಿಎಯ ‘ನಾನ್ ಶೆಡ್ಯೂಲ್ಡ್ ಆಪರೇಟರ್ ಪರ್ಮಿಟ್’ ಬೇಕು. ಬಿಳಿ ಬೋರ್ಡ್, ಹಳದಿ ಬೋರ್ಡ್ ಕಾರಿನ ವ್ಯತ್ಯಾಸ ಇದ್ದಂಗೆ. ಇನ್ನು ನಮ್ಮ ಲೋಹಗಾಂವ್ ರನ್‌ವೇ ವಾಯುಪಡೆಯದು. ನಿಮ್ಮ ಹತ್ರ ಎಷ್ಟೇ ಕೋಟಿ ಇರಲಿ, ಅಲ್ಲಿ ಅವರು ಹೇಳಿದ ಸಮಯವೇ ಸಮಯ.

ಪೈಲಟ್‌ಗಳ ಡ್ಯೂಟಿಗೂ ಮಿತಿ ಇದೆ. ಬೆಳಗಿನ ಜಾವ 2ರಿಂದ 6 ಗಂಟೆವರೆಗೆ ದೇಹದ ಎಚ್ಚರ ಅತಿ ಕಡಿಮೆ ಅಂತ ನಿಯಮವೇ ಲೆಕ್ಕ ಇಟ್ಟುಕೊಳ್ಳುತ್ತೆ. ಮಿತಿ ಮೀರಿದ್ರೆ ನಮ್ಮ ಸ್ಕ್ರೀನ್ ಮೇಲೆ ಆ ಟ್ರಿಪ್ ಕೆಂಪಾಗ್ತಿತ್ತು.

ಒಂದು ದಿನ ಆ ಕಡೆಯಿಂದ ಕರೆ ಬಂತು. “ದೊಡ್ಡ ಗ್ರಾಹಕರು, ಮೀಟಿಂಗ್ ಲೇಟಾಗುತ್ತೆ. ಕೆಂಪು ಬಂದ್ರೂ ಮುಂದೆ ಹೋಗೋಕೆ ಒಂದು ಬಟನ್ ಕೊಡಿ. ಸ್ವಲ್ಪ ಅಡ್ಜಸ್ಟ್ ಮಾಡಿ.” ನಾನು ಏನು ಮಾಡಿದೆ ಹೇಳಿ? ಇಪ್ಪತ್ತು ನಿಮಿಷದಲ್ಲಿ ಬರೆದು ಕೊಟ್ಟೆ. ಯಾಕೆ ಅಂತ ಒಂದು ಮಾತೂ ಕೇಳಲಿಲ್ಲ. ಟಿಕೆಟ್ ಕ್ಲೋಸ್ ಆಯ್ತು, ಮಲಗಿದೆ.

ಅವತ್ತು ರಾತ್ರಿ ಯಾರೋ ಆ ಬಟನ್ ಒತ್ತಿದ್ರು. ಟ್ರಿಪ್ ಹಸಿರಾಯ್ತು. ಆದ್ರೆ ಕ್ಯಾಪ್ಟನ್ ಒಬ್ಬ ಹೆಣ್ಣುಮಗಳು. ಆಕೆ ಹಾರಲ್ಲ ಅಂದ್ಬಿಟ್ರು. ಗ್ರಾಹಕರು ಹೋಟೆಲಲ್ಲಿ ಉಳಿದು ಬೆಳಗ್ಗೆ ಹೋದ್ರು. ಆಕಾಶ ಕಳಚಿ ಬೀಳಲಿಲ್ಲ.

ಎರಡು ದಿನ ಆದ್ಮೇಲೆ ರಿವ್ಯೂ ಕಾಲ್‌ನಲ್ಲಿ ಆಕೆ ಕೇಳಿದ್ರು: “ಈ ಬಟನ್ ಬರೆದಿದ್ದು ಯಾರು?” ನಾನು ಅಂದೆ. ಸಿಟ್ಟಾಗಲಿಲ್ಲ. “ನೀವು ಕೆಂಪನ್ನ ಹಸಿರು ಮಾಡಬಹುದು ಸರ್. ನನ್ನ ನಿದ್ದೆನ ಮಾಡೋಕಾಗಲ್ಲ” ಅಂದ್ರು.

ಆ ಬಟನ್ ತೆಗೀತೀನಿ ಅಂತ ಅವತ್ತೇ ಮೇಲ್ ಹಾಕಿದೆ. ತೆಗೆದೆ. ಎರಡನೇ ಹಂತದ ಪ್ರಾಜೆಕ್ಟ್ ನಮಗೆ ಬರಲಿಲ್ಲ. ನನ್ನ ಮ್ಯಾನೇಜರ್ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಆ ವರ್ಷದ ರೇಟಿಂಗ್ ಏನಾಯ್ತು ಅಂತ ಕೇಳ್ಬೇಡಿ.

‘ಅಡ್ಜಸ್ಟ್ ಮಾಡಿ’ ಅನ್ನೋದು ನಮ್ಮ ಒಳ್ಳೆಯ ಗುಣ. ಬಸ್ಸಲ್ಲಿ ಮೂರು ಜನರ ಸೀಟಲ್ಲಿ ನಾಲ್ಕು ಜನ ಕೂತಿದ್ದೀವಿ. ಆದ್ರೆ ವಿಮಾನ ನೋಡಿಕೊಳ್ಳೋರಿಗೆ ನಾವು ದುಡ್ಡು ಕೊಡೋದೇ, ಬೇಕಾದಾಗ ‘ಆಗಲ್ಲ’ ಅನ್ನೋದಕ್ಕೆ.

ನಮಗ್ಯಾಕಿದು ಅನ್ನಬೇಡಿ. ಊರಲ್ಲಿ ಅಪ್ಪನಿಗೆ ಸೀರಿಯಸ್ ಅಂತ ಏರ್ ಆಂಬುಲೆನ್ಸ್‌ಗೆ ಫೋನ್ ಮಾಡೋ ದಿನ ನಮಗೂ ಬರಬಹುದು. ಅವತ್ತು ರೇಟ್ ಕೇಳಿ, ಜೊತೆಗೆ ಎರಡು ಪ್ರಶ್ನೆ ಕೇಳಿ: ಪರ್ಮಿಟ್ ಯಾರ ಹೆಸರಲ್ಲಿದೆ? ಪೈಲಟ್ ಎಷ್ಟು ಹೊತ್ತಿಂದ ಡ್ಯೂಟಿಯಲ್ಲಿದ್ದಾರೆ? ತಡ ಆಗುತ್ತೆ ಅಂದ್ರೆ ಬೈಬೇಡಿ.