ವಿದ್ಯಾಶಾಲೆಯಲ್ಲಿ ಶ್ವಾನಪರೀಕ್ಷೆ



ಶ್ವಾನವು ಸುಳ್ಳು ಹೇಳುವ ಪ್ರಾಣಿಯಲ್ಲ. ಮನುಷ್ಯನ ಮೂಗಿಗೆ ಏನೂ ಇಲ್ಲವೆಂದು ತೋರುವೆಡೆಯಲ್ಲಿ ಅದರ ಘ್ರಾಣೇಂದ್ರಿಯವು ಗಾಂಜಾದ ಲೇಶಮಾತ್ರ ವಾಸನೆಯನ್ನೂ ಗ್ರಹಿಸಬಲ್ಲುದು. ಪಳಗಿಸುವವನು ಆ ವಾಸನೆಯನ್ನು ಪರಿಚಯಮಾಡಿಸಿ, ಗುರುತಿಸಿದಾಗಲೆಲ್ಲ ಚೆಂಡನ್ನೋ ತಿನಿಸನ್ನೋ ಕೊಡುವನು. ಆದುದರಿಂದ ನಾಯಿಯು ಅರಸುವುದು ಅಪರಾಧಿಯನ್ನಲ್ಲ, ತನ್ನ ಚೆಂಡನ್ನು. ಪದಾರ್ಥವು ಇಲ್ಲವಾದ ಮೇಲೂ ಬಟ್ಟೆಯಲ್ಲುಳಿದ ವಾಸನೆಗೆ ಅದು ನಿಲ್ಲಬಹುದು. ಆ ಬಟ್ಟೆ ತೊಟ್ಟವನು ತಾನೇ ಸೇದಿದನೋ, ಸೇದುವವನ ಮಗ್ಗುಲಲ್ಲಿ ಕುಳಿತಿದ್ದನೋ ಎಂಬ ವಿವೇಚನೆ ಅದಕ್ಕಿಲ್ಲ. ಆ ವಿವೇಚನೆ ಸರಪಣಿ ಹಿಡಿದವನದು.

ಅಮೆರಿಕಾದ ಇಂಡಿಯಾನಾ ಪ್ರಾಂತದಲ್ಲಿ ಹೈಲ್ಯಾಂಡ್ ಎಂಬುದೊಂದು ಪಟ್ಟಣ. 1979ನೆಯ ಇಸವಿ ಮಾರ್ಚಿ 23ರ ಬೆಳಿಗ್ಗೆ ಅಲ್ಲಿಯ ಜೂನಿಯರ್ ಹಾಗೂ ಸೀನಿಯರ್ ಹೈಸ್ಕೂಲುಗಳ 2,780 ವಿದ್ಯಾರ್ಥಿಗಳನ್ನು, ಪಾಠದ ವೇಳೆ ಮುಗಿದರೂ ಬಿಡದೆ, ಕೊಠಡಿಗಳಲ್ಲಿಯೇ ಕೂರಿಸಲಾಯಿತು. ಮಾದಕದ್ರವ್ಯದ ಪಿಡುಗನ್ನು ನಿಲ್ಲಿಸಬೇಕೆಂಬುದೇ ಅಧಿಕಾರಿಗಳ ಉದ್ದೇಶ, ಅದರಲ್ಲಿ ಕಪಟವಿರಲಿಲ್ಲ. ನಾಯಿಗಳು ಮಕ್ಕಳ ಸಾಲುಗಳ ನಡುವೆ ಮೂಸುತ್ತ ನಡೆದುವು. ಕೆಲವರಲ್ಲಿ ನಿಷಿದ್ಧವಸ್ತುಗಳು ದೊರೆತುದೂ ನಿಜವೇ. ಆದರೆ ಒಂದು ನಾಯಿಯು ಹದಿಮೂರು ವರ್ಷದ ಬಾಲಿಕೆಯ ಎದುರು ನಿಂತು ಸೂಚನೆ ಕೊಟ್ಟಿತು. ಜೇಬು ಬರಿದುಮಾಡಿ ತೋರಿದರೂ ಅದು ಸುಮ್ಮನಾಗಲಿಲ್ಲ. ಆಕೆಯನ್ನು ಬೇರೆ ಕೋಣೆಗೆ ಕರೆದೊಯ್ದು, ಇಬ್ಬರು ಹೆಂಗಸರು ಮೈಮೇಲಣ ಉಡುಪನ್ನು ತೆಗೆಸಿ ಶೋಧಿಸಿದರು. ಏನೂ ಸಿಕ್ಕಲಿಲ್ಲ. ಆ ಬೆಳಿಗ್ಗೆ ಅವಳು ತನ್ನ ಮನೆಯ ಹೆಣ್ಣುನಾಯಿಯೊಡನೆ ಆಡಿ ಬಂದಿದ್ದಳು, ಅದು ಬೆದೆಯಲ್ಲಿತ್ತು. ಪೊಲೀಸು ನಾಯಿಯು ಮೂಸಿದ್ದು ಆ ವಾಸನೆಯನ್ನೇ ಎಂಬುದು ಬಳಿಕ ತಿಳಿಯಿತು.

ಇಲ್ಲಿ ನಾಯಿಯ ತಪ್ಪೆಷ್ಟು? ಅದು ತನ್ನ ಜಾತಿಧರ್ಮಕ್ಕೆ ತಕ್ಕಂತೆ ನಡೆಯಿತು. ಅದರ ಮೂಗನ್ನೇ ತೀರ್ಪೆಂದು ನಂಬಿ, ಎದುರಿಗಿದ್ದ ಮಗುವಿನ ಮಾತನ್ನು ನಂಬದೆ ಹೋದವರು ಓದುಬರೆಹ ಬಲ್ಲವರು!

1980ರಲ್ಲಿ ಮೇಲಣ ನ್ಯಾಯಸ್ಥಾನವು ಆ ಬಾಲಿಕೆಯ ದೇಹಶೋಧನೆಯನ್ನು ಕಟುವಾಗಿ ಖಂಡಿಸಿತು. ನಾಯಿ ಮೂಸಿದ್ದನ್ನು ಮಾತ್ರ ಸಮ್ಮತಿಸಿತು. 1981ರಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯವು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ. ನ್ಯಾಯಮೂರ್ತಿ ಬ್ರೆನನ್ನರು ಅದಕ್ಕೆ ಭಿನ್ನಾಭಿಪ್ರಾಯವನ್ನು ಬರೆದಿಟ್ಟರು. ಟೆಕ್ಸಾಸಿನ ಒಂದು ವ್ಯಾಜ್ಯದಲ್ಲಿ ನಾಯಿಯ ಸೂಚನೆಯಂತೆ ಹುಡುಗಿಯೊಬ್ಬಳ ಕೈಚೀಲವನ್ನು ತಡಕಿದಾಗ ಹೊರಬಂದುದು ಸುಗಂಧದ ಚಿಕ್ಕ ಸೀಸೆ! ಆ ವ್ಯಾಜ್ಯದಲ್ಲಿ 1982ರ ನ್ಯಾಯಸ್ಥಾನವು ಕಪಾಟನ್ನೂ ಮೋಟಾರನ್ನೂ ಮೂಸುವುದು ಬೇರೆ, ಮಗುವಿನ ಮೈಯನ್ನು ಮೂಸುವುದು ಬೇರೆ ಎಂದು ಭೇದವೆಣಿಸಿತು.

ಕಳ್ಳಮಾಲು ನಿಜವಾಗಿಯೇ ಸಿಕ್ಕಿದರೆ ಶೋಧನೆಯು ಸಾರ್ಥಕವಾಯಿತಲ್ಲವೇ ಎಂದು ಕೇಳುವವರುಂಟು. ಭಯದಿಂದಲಾದರೂ ಹುಡುಗರು ದೂರವಿದ್ದಾರು ಎಂಬ ಹೆತ್ತವರ ಆಸೆಯನ್ನು ಹಳಿಯಲಾಗದು. ಮಗನನ್ನು ವ್ಯಸನಕ್ಕೆ ಕಳೆದುಕೊಂಡ ತಾಯಿಗೆ ನ್ಯಾಯಶಾಸ್ತ್ರ ಹೇಳುವುದು ಸುಲಭವಲ್ಲ. ಆದರೆ ನಾಯಿಗೆ ಹೆದರಿದ ಹುಡುಗನು ಪೊಟ್ಟಣವನ್ನು ಶಾಲೆಯ ಬೇಲಿಯಾಚೆ ಬಚ್ಚಿಡುವನು, ಬಾಯಿಂದಾಚೆ ಇಡುವನೆಂಬ ಭರವಸೆಯಿಲ್ಲ.

ಕೆನಡಾ ದೇಶದ ಸಾರ್ನಿಯಾದಲ್ಲಿ 2002ರ ನವೆಂಬರಿನಲ್ಲಿ ನಡೆದುದು ಆ ಪ್ರಶ್ನೆಗೆ ತಕ್ಕ ನಿದರ್ಶನ. ಇಂಥವನ ಮೇಲೆಂಬ ಸಂಶಯವಿಲ್ಲದೆ ಪೊಲೀಸರು ಹೈಸ್ಕೂಲಿಗೆ ನಾಯಿಯನ್ನು ತಂದರು. ವ್ಯಾಯಾಮಶಾಲೆಯಲ್ಲಿದ್ದ ಒಂದು ಚೀಲಕ್ಕೆ ಅದು ನಿಂತಿತು. ತೆರೆದರೆ ಗಾಂಜಾ ಇದ್ದಿತು, ಭ್ರಮೆ ಹುಟ್ಟಿಸುವ ಅಣಬೆಯೂ ಇದ್ದಿತು. ನಾಯಿಯ ಸೂಚನೆ ಸತ್ಯವೇ ಆಗಿದ್ದರೂ 2008ರ ಏಪ್ರಿಲಿನಲ್ಲಿ ಆ ದೇಶದ ಪರಮೋಚ್ಚ ನ್ಯಾಯಾಲಯವು ಆ ಸಾಕ್ಷ್ಯವನ್ನು ತಳ್ಳಿಹಾಕಿತು. ಶಾಲೆಗೆ ಹೊತ್ತುತಂದ ಚೀಲವು ವಿದ್ಯಾರ್ಥಿಯದಾದರೂ ಅವನ ಸ್ವಂತದ್ದೆಂದು ಅದು ಎಣಿಸಿತು.