ಓಡಿಸುವುದಲ್ಲ, ಒಗ್ಗೂಡಿಸುವುದು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿಇ ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಕಂಪ್ಯೂಟರ್ ಬಗ್ಗೆ ಮಾತನಾಡುತ್ತಾನೆ ಎಂದುಕೊಂಡಿರುತ್ತೀರಿ. ನಾನು ಇಂದು ಮನಸ್ಸಿನ ಒಂದು ಕಾಯಿಲೆಯ ಬಗ್ಗೆ ಹೇಳಲು ಬಂದಿದ್ದೇನೆ.

ಒಂಬತ್ತನೇ ತರಗತಿಯಲ್ಲಿ ನಮ್ಮ ಜೊತೆ ಒಬ್ಬಳು ಹುಡುಗಿ ಇದ್ದಳು. ಒಮ್ಮೊಮ್ಮೆ ಅವಳ ದನಿಯೇ ಬದಲಾಗಿ ಎಳೆ ಮಗುವಿನಂತೆ ಮಾತಾಡುತ್ತಿದ್ದಳು. ಆಮೇಲೆ ಕೇಳಿದರೆ ನೆನಪಿಲ್ಲ ಎನ್ನುತ್ತಿದ್ದಳು. ನಾವು ‘ದೆವ್ವ ಬಂತು’ ಎಂದು ನಗುತ್ತಿದ್ದೆವು. ಮನೆಯವರು ಬೇವಿನ ಸೊಪ್ಪಿನಲ್ಲಿ ಹೊಡೆಸಿದರು. ದಸರಾ ರಜೆಯ ನಂತರ ಅವಳು ಶಾಲೆಗೆ ಬರಲಿಲ್ಲ. ಏನಾಯಿತೆಂದು ನಾವು ಒಬ್ಬರೂ ಕೇಳಲಿಲ್ಲ.

ವರ್ಷಗಳ ನಂತರ ನನ್ನ ಹತ್ತಿರದ ಬಂಧುವೊಬ್ಬರಲ್ಲಿ ಇಂಥದೇ ಲಕ್ಷಣ ಕಂಡಾಗ ಮನೋವೈದ್ಯರ ಬಳಿ ಕರೆದೊಯ್ದೆ. ಕಾಯಿಲೆಯ ಹೆಸರು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್. ಮೊದಲು ಇದನ್ನು ಮಲ್ಟಿಪಲ್ ಪರ್ಸನಾಲಿಟಿ ಎನ್ನುತ್ತಿದ್ದರು. 1994ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಹೆಸರು ಬದಲಿಸಿತು. ಒಂದು ದೇಹದಲ್ಲಿ ಹಲವರು ಇರುವುದಿಲ್ಲ, ಇರುವುದು ಒಬ್ಬರೇ. ಅವರ ನೆನಪು, ಭಾವನೆಗಳು ಒಂದಾಗದೆ ಬೇರೆ ಬೇರೆಯಾಗಿ ಉಳಿದಿರುತ್ತವೆ. ಹೆಚ್ಚಿನವರಲ್ಲಿ ಇದರ ಬೇರು ಬಾಲ್ಯದಲ್ಲಿ ಮತ್ತೆ ಮತ್ತೆ ಅನುಭವಿಸಿದ ಹಿಂಸೆಯಲ್ಲಿದೆ. ತಡೆಯಲಾಗದ ನೋವನ್ನು ಮಗುವಿನ ಮನಸ್ಸು ಇನ್ನೊಂದು ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಳ್ಳುತ್ತದೆ.

ಬೇಡದ ಪ್ರೋಗ್ರಾಂ ಅಳಿಸುವುದು ನಮ್ಮ ಅಭ್ಯಾಸ. ‘ಆ ಇನ್ನೊಂದು ವ್ಯಕ್ತಿತ್ವವನ್ನು ತೆಗೆಯಲಾಗದೇ?’ ಎಂದು ವೈದ್ಯರನ್ನು ಕೇಳಿದೆ. ‘ಅದೂ ಅವರೇ ಅಲ್ಲವೇ? ಯಾರನ್ನು ತೆಗೆಯೋಣ?’ ಎಂದರು.

2004ರ ‘ಆಪ್ತಮಿತ್ರ’ವನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ಸೇಡು ತೀರಿತೆಂದು ನಾಗವಲ್ಲಿಯನ್ನು ನಂಬಿಸಿ ಕಳಿಸಿಬಿಡುತ್ತಾರೆ. ನಿಜವಾದ ಚಿಕಿತ್ಸೆ ಹಾಗಲ್ಲ, ಅದಕ್ಕೆ ವರ್ಷಗಳೇ ಬೇಕು. ಅದರಲ್ಲಿ ಮೂರು ಹಂತ. ಮೊದಲನೆಯದು ಸುರಕ್ಷತೆ: ಹಿಂಸೆ ಇನ್ನೂ ನಡೆಯುತ್ತಿದ್ದರೆ ನಿಲ್ಲಿಸುವುದು, ನಿದ್ದೆ ಸರಿಪಡಿಸುವುದು, ಮನಸ್ಸು ಜಾರುವಾಗ ನೆಲಕ್ಕೆ ಕಾಲೂರಿ ಸುತ್ತಲಿನ ವಸ್ತುಗಳ ಹೆಸರು ಹೇಳುತ್ತ ಈ ಕ್ಷಣಕ್ಕೆ ಮರಳುವುದು. ಎರಡನೆಯದು, ಗಟ್ಟಿಯಾದ ಮೇಲೆ ಹಳೆಯ ನೋವನ್ನು ಸ್ವಲ್ಪ ಸ್ವಲ್ಪವೇ ಮಾತಿಗೆ ತರುವುದು. ಇಲ್ಲಿ ಅವಸರ ಕೂಡದು. ಒತ್ತಾಯಿಸಿ ಕೆದಕಿದರೆ ನಡೆಯದ್ದೂ ನೆನಪಾಗಿ ಕಾಣಬಹುದು. ಮೂರನೆಯದು, ಬೇರಾದ ಭಾಗಗಳು ಒಂದನ್ನೊಂದು ಒಪ್ಪಿಕೊಂಡು ಒಟ್ಟಿಗೆ ಬಾಳುವುದು. ಕೆಲವರಲ್ಲಿ ಅವು ಪೂರ್ತಿ ಒಂದಾಗುತ್ತವೆ, ಕೆಲವರಲ್ಲಿ ಹೊಂದಿಕೊಂಡು ನಡೆಯುತ್ತವೆ. ಇದನ್ನೇ ಗುಣಪಡಿಸುವ ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆ, ಆತಂಕಗಳಿಗೆ ಔಷಧಿ ಕೊಡುತ್ತಾರೆ.

ಜಾತ್ರೆಯಲ್ಲಿ ಮೈಮೇಲೆ ದೇವರು ಬರುವುದೆಲ್ಲ ಕಾಯಿಲೆ ಎಂದು ನಾನು ಹೇಳುತ್ತಿಲ್ಲ. ಆಚರಣೆಯ ಹೊರಗೆ, ಬೇಡವೆಂದರೂ ಬಂದು, ನೆನಪನ್ನು ಕಸಿದು, ಓದು ಬದುಕು ಕೆಡಿಸಿದರೆ ವೈದ್ಯರ ಬಳಿ ಹೋಗಬೇಕು.

ಮಕ್ಕಳೇ, ಟೆಲಿ ಮಾನಸ್ ಸಂಖ್ಯೆ 14416. ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲೋ ಹೊರಗೋ ಯಾರಾದರೂ ಹಿಂಸಿಸುತ್ತಿದ್ದರೆ 1098.

ನನ್ನ ಬಂಧು ಈಗ ಕೆಲಸಕ್ಕೆ ಹೋಗುತ್ತಿದ್ದಾರೆ, ಚಿಕಿತ್ಸೆಯೂ ನಡೆದಿದೆ. ನಮ್ಮ ತರಗತಿಯ ಆ ಹುಡುಗಿ ಮಾತ್ರ ಇಂದಿನ ಸಮಾವೇಶದಲ್ಲಿ ಇಲ್ಲ. ನಿಮ್ಮ ಪಕ್ಕದ ಬೆಂಚಿನಲ್ಲಿ ಅಂಥವರಿದ್ದರೆ ನಗಬೇಡಿ, ಟೀಚರಿಗೆ ಹೇಳಿ, ಜೊತೆಗೆ ಕೂತುಕೊಳ್ಳಿ. ನಾವು ಮಾಡದೆ ಬಿಟ್ಟ ಕೆಲಸ ಅದು.