ಚಿನ್ನದೊಡವೆಯೂ ಸುಂಕವೂ



ಅಬಕಾರಿಯೆಂದೊಡನೆ ನಮಗೆ ಹೆಂಡದಂಗಡಿಯ ನೆನಪಾಗುವುದು ಸಹಜ. ಆದರೆ ತಯಾರಾದ ಸರಕಿನ ಮೇಲೆ ಸರ್ಕಾರವು ವಿಧಿಸುವ ಸುಂಕವೂ ಅದೇ ಜಾತಿಯದು. 2016ನೆಯ ಇಸವಿ ಫೆಬ್ರವರಿ 29ರಂದು ಅರ್ಥಸಚಿವ ಅರುಣ್ ಜೇಟ್ಲಿಯವರು ಆಯವ್ಯಯವನ್ನು ಮಂಡಿಸುತ್ತ ಚಿನ್ನದೊಡವೆಗಳ ಮೇಲೆ ನೂರಕ್ಕೆ ಒಂದರಂತೆ ಇಂತಹ ಸುಂಕವನ್ನು ಸೂಚಿಸಿದರು. ಮಾರ್ಚಿ 2ರಿಂದ ದೇಶದ ಒಡವೆ ವರ್ತಕರು ಅಂಗಡಿಗಳನ್ನು ಮುಚ್ಚಿ ಪ್ರತಿಭಟಿಸಿದರು.

ಹಾಸನದ ಪೇಟೆಯಲ್ಲಿ ಲಕ್ಷ ರೂಪಾಯಿಯ ಸರವನ್ನು ಕೊಳ್ಳುವವರಿಗೆ ಇದರಿಂದ ಹೆಚ್ಚುವ ಹೊರೆ ಒಂದು ಸಾವಿರ. ವರ್ತಕನಿಗಾದರೋ ಹಣಕ್ಕಿಂತ ಲೆಕ್ಕಪತ್ರ, ತಪಾಸಣೆಗಳ ಭಯವೇ ದೊಡ್ಡದು. ಹಿಂದಿನ ವರ್ಷದ ವಹಿವಾಟು 12 ಕೋಟಿ ರೂಪಾಯಿಯನ್ನು ಮೀರದವರಿಗೆ, ವರ್ಷದ ಮೊದಲ 6 ಕೋಟಿಯವರೆಗೆ ವಿನಾಯಿತಿಯಿತ್ತು. ಆದುದರಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂತಹ ಊರಿನ ಸಣ್ಣ ಅಕ್ಕಸಾಲಿಗೆ ಸುಂಕವು ನೇರವಾಗಿ ತಟ್ಟುವಂತಹುದಲ್ಲ. ಆದರೆ ಅಂಗಡಿ ಮುಚ್ಚಿದರೆ ಅವನ ಕುಲುಮೆ ಆರುವುದು. ಮದುವೆ ಗೊತ್ತಾದ ಮನೆಯವರು ತಾಳಿಗಾಗಿ ಕಾಯಬೇಕಾಗುವುದು. ದೊಡ್ಡವರ ವ್ಯಾಜ್ಯದ ದಂಡವನ್ನು ತೆರುವವರು ಇವರೇ.

2017ರ ಜುಲೈ 1ರಿಂದ ಈ ಸುಂಕವು ಸರಕು ಮತ್ತು ಸೇವಾ ತೆರಿಗೆಯಲ್ಲಿ ಲೀನವಾಯಿತು. ಒಡವೆಗೆ ಗೊತ್ತಾದ ದರ ನೂರಕ್ಕೆ ಮೂರು. ಹೆಸರು ಬದಲಾದರೂ ತೆರುವವನು ಕೊಳ್ಳುವವನೇ. ಆದುದರಿಂದ ತೂಕ, ಶುದ್ಧತೆ, ಮಜೂರಿ, ತೆರಿಗೆಗಳನ್ನು ಬೇರೆಬೇರೆಯಾಗಿ ಕಾಣಿಸಿದ ರಸೀದಿಯನ್ನು ಕೇಳಿ ಪಡೆಯೋಣ. ರಸೀದಿ ಬಿಟ್ಟು ಉಳಿಸಿದ ಹಣವು, ಒಡವೆಯನ್ನು ಮಾರುವ ಕಷ್ಟಕಾಲದಲ್ಲಿ ನಮ್ಮ ನೆರವಿಗೆ ಬಾರದು.